ಕ್ಯಾರಿಯಕೂ ದ್ವೀಪದ ಹಾಯಿದೋಣಿ: ನಕ್ಷೆಯಿಲ್ಲದೆ ಎರಡೂ ಬದಿ ಸರಿಸಮ ಬರುವುದು ಹೇಗೆ?

ಕಡಲಕುತೂಹಲಿ:

ಕೆರಿಬಿಯನ್ ಕಡಲಿನಲ್ಲಿ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಕೂ ಅನ್ನುವ ಪುಟ್ಟ ದ್ವೀಪವಿದೆ. ಇಡೀ ದ್ವೀಪ ಸೇರಿ ಸುಮಾರು 34 ಚದರ ಕಿಲೋಮೀಟರ್ ಅಷ್ಟೇ. ಅಲ್ಲಿನ ವಿಂಡ್‌ವರ್ಡ್ ಹಳ್ಳಿಯಲ್ಲಿ 40 ಅಡಿಯ ಹಾಯಿದೋಣಿಯನ್ನೂ ಕಡಲ ದಂಡೆಯ ಮೇಲೆಯೇ, ಕಾಗದದ ಮೇಲೆ ಒಂದು ಗೆರೆ ಎಳೆಯದೆ ಕಟ್ಟುತ್ತಾರೆ. ಪಕ್ಕದ ಪೆಟಿಟ್ ಮಾರ್ಟಿನೀಕ್ ದ್ವೀಪವನ್ನೂ ಸೇರಿಸಿ ಈ ಕಸುಬನ್ನು 2023ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಓದಿದ ಕಡೆಯೆಲ್ಲ "ಕಣ್ಣಂದಾಜಿನಲ್ಲಿ ಕಟ್ಟುತ್ತಾರೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದಾರೆ. ನಕ್ಷೆಯೇ ಇಲ್ಲದಿದ್ದರೆ ಎಡಬದಿ ಬಲಬದಿ ಸರಿಸಮ ಬರುವುದು ಹೇಗೆ? ಮೊದಲು ಯಾವುದನ್ನು ನಿಲ್ಲಿಸುತ್ತಾರೆ, ಉಳಿದದ್ದರ ಅಳತೆ ಎಲ್ಲಿಂದ ಹುಟ್ಟುತ್ತೆ? ಯಾವ ಮರ, ಯಾಕೆ ಅದೇ ಮರ? ಆ ದೋಣಿಗಳಿಗೆ ಅಷ್ಟು ಅಗಲದ ಹೊಟ್ಟೆ ಯಾಕೆ? ತಿಳಿದವರು ಬಿಡಿಸಿ ಹೇಳಿ.

ಬಾಚಿ_ಉಳಿ:

"ಕಣ್ಣಂದಾಜು" ಅನ್ನುವ ಮಾತೇ ದಾರಿ ತಪ್ಪಿಸುವಂಥದ್ದು. ಅಳತೆ ಇದೆ, ಪಕ್ಕಾ ಅಳತೆಯೇ ಇದೆ. ಅದು ಇರುವುದು ಕಾಗದದ ಮೇಲಲ್ಲ, ಒಂದು ಪಕ್ಕೆಮರದಲ್ಲಿ (ಪಕ್ಕೆಲುಬಿನ ಹಾಗೆ ಒಳಗಿನಿಂದ ಹಲಗೆಗಳನ್ನು ಹಿಡಿದು ನಿಲ್ಲುವ ಬಾಗುಮರ) ಮತ್ತು ನಾಲ್ಕಾರು ಬಳುಕುವ ಪಟ್ಟಿಗಳಲ್ಲಿ.

ಮೊದಲು ಕೂರುವುದು ಕೀಲ್, ಅಂದರೆ ದೋಣಿಯ ಅಡಿಯಲ್ಲಿ ಉದ್ದಕ್ಕೂ ಓಡುವ ಬೆನ್ನೆಲುಬು. ಒಂದೇ ಮರ ಉದ್ದಕ್ಕೆ ಸಾಲದಿದ್ದರೆ ಎರಡು ತುಂಡುಗಳನ್ನು ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿ ಬೋಲ್ಟ್ ಹಾಕಬೇಕು. ಆ ಓರೆ ಜೋಡಣೆಯ ಉದ್ದ ಮರದ ದಪ್ಪದ ಆರೇಳು ಪಟ್ಟಾದರೂ ಇರಬೇಕು. ಗಿಡ್ಡವಾದರೆ ದೋಣಿ ಒಮ್ಮೆ ನೆಲ ತಾಗಿದ್ದಕ್ಕೇ ಜೋಡಣೆ ಬಾಯಿ ಬಿಡುತ್ತೆ. ಕೀಲಿನ ಒಂದು ತುದಿಗೆ ಮುಂಗಂಬ, ಇನ್ನೊಂದಕ್ಕೆ ಹಿಂಗಂಬ. ಎರಡನ್ನೂ ತೂಗುಗುಂಡು ಬಿಟ್ಟು ನೋಡಿ, ಆನಿಕೆ ಕಂಬ ಕೊಟ್ಟು ಬಿಗಿ ಮಾಡುತ್ತಾರೆ. ಈ ಮೂರು ನಿಂತಾಗಲೇ ದೋಣಿಯ ಉದ್ದವೂ, ಮೂತಿ ಎಷ್ಟು ಮುಂದಕ್ಕೆ ಬಾಗಬೇಕು ಅನ್ನುವುದೂ ತೀರ್ಮಾನವಾದ ಹಾಗೆ.

ಆಮೇಲೆ ಬರುವುದು ನಡುಪಕ್ಕೆ. ದೋಣಿಯ ಅತಿ ಅಗಲದ ಜಾಗದಲ್ಲಿ ನಿಲ್ಲುವ ಪಕ್ಕೆ ಇದು, ಕಟ್ಟುವವನ ಗುಟ್ಟೆಲ್ಲ ಇರುವುದು ಇದರಲ್ಲೇ. ಅಗಲ ಎಷ್ಟು, ಹೊಟ್ಟೆ ಎಷ್ಟು ದುಂಡಗೆ ತಿರುಗಬೇಕು, ಅಡಿ ಎಷ್ಟು ಚೂಪಾಗಿ ಇಳಿಯಬೇಕು ಎಲ್ಲ ಇದರಲ್ಲೇ ನಿಂತಿದೆ. ಅಗಲ ಸಾಮಾನ್ಯವಾಗಿ ಉದ್ದದ ಮೂರನೇ ಒಂದು ಭಾಗದ ಆಸುಪಾಸು. ನಡುಪಕ್ಕೆಯ ಜೊತೆಗೆ ಮುಂದಕ್ಕೊಂದು, ಹಿಂದಕ್ಕೊಂದು ಪಕ್ಕೆ ನಿಲ್ಲಿಸಿದರೆ ಮೊದಲ ಹಂತ ಮುಗೀತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಡಬದಿಯ ಅರ್ಧಪಕ್ಕೆಯನ್ನು ಮೊದಲು ಕಡಿದು ಸರಿಮಾಡಿಕೊಂಡು, ಅದನ್ನೇ ಮಗುಚಿ ಇನ್ನೊಂದು ಮರದ ಮೇಲಿಟ್ಟು ಗೆರೆ ಎಳೆದು ಬಲಬದಿಯದನ್ನು ಕಡಿಯಬೇಕು. ಎರಡನ್ನೂ ನೆಲದ ಮೇಲೆ ಜೋಡಿಸಿ, ಮೇಲ್ತುದಿಗಳು ಅಗಲವಾಗದಂತೆ ಒಂದು ಅಡ್ಡಪಟ್ಟಿ ಹೊಡೆದು, ಆ ಪಟ್ಟಿಯ ನಟ್ಟನಡುವೆ ಗುರುತು ಹಾಕಬೇಕು. ಪಕ್ಕೆಯನ್ನು ಕೀಲಿನ ಮೇಲೆ ನಿಲ್ಲಿಸಿ ಆ ಗುರುತಿನಿಂದ ತೂಗುಗುಂಡು ಬಿಟ್ಟರೆ ಗುಂಡು ಕೀಲಿನ ನಡುಗೆರೆಗೆ ಬಂದು ನಿಲ್ಲಬೇಕು. ಅಷ್ಟಕ್ಕೇ ಬಿಡಬಾರದು. ಮುಂಗಂಬದ ತಲೆಯ ನಡುವಿಗೆ ಒಂದು ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ, ಪಕ್ಕೆಯ ಎಡ ತುದಿಗೂ ಬಲ ತುದಿಗೂ ಎಳೆದು ನೋಡಬೇಕು. ಎರಡು ಅಳತೆಯೂ ಒಂದೇ ಬರಬೇಕು. ಗುಂಡು ಸರಿಯಿದ್ದು ದಾರ ತಪ್ಪಿದರೆ ಪಕ್ಕೆ ನೆಟ್ಟಗೇ ನಿಂತಿದೆ, ಆದರೆ ಒಂದು ಭುಜ ಮುಂದಕ್ಕೆ ತಿರುಗಿಕೊಂಡಿದೆ ಅಂತ ಅರ್ಥ. ಇದು ಬರಿಗಣ್ಣಿಗೆ ಕಾಣದ ತಪ್ಪು. ಹಲಗೆ ಹೊಡೆಯುವ ಹೊತ್ತಿಗೆ ಒಂದು ಬದಿಯ ಹಲಗೆ ಸಲೀಸಾಗಿ ಕೂತು, ಇನ್ನೊಂದು ಬದಿಯದು ಮೊಂಡು ಹಿಡಿದಾಗ ಗೊತ್ತಾಗುತ್ತೆ. ಅಷ್ಟರಲ್ಲಿ ಹೊತ್ತು ಮೀರಿರುತ್ತೆ.

ಉಳಿದ ಪಕ್ಕೆಗಳ ಅಳತೆ ಹುಟ್ಟುವುದು ಪಟ್ಟಿಗಳಿಂದ. ಮುಂಗಂಬದಿಂದ ಹಿಂಗಂಬದವರೆಗೆ, ನಿಲ್ಲಿಸಿದ ಪಕ್ಕೆಗಳನ್ನು ತಾಗಿಸಿಕೊಂಡು ತೆಳ್ಳನೆಯ ಉದ್ದ ಪಟ್ಟಿಗಳನ್ನು ಬಗ್ಗಿಸಿ ಬಿಗಿಯುತ್ತಾರೆ. ಮೇಲಂಚಿಗೊಂದು, ಹೊಟ್ಟೆಯ ತಿರುವಿಗೊಂದೆರಡು, ಕೆಳಗೊಂದೆರಡು. ಒಳ್ಳೆಯ ಪಟ್ಟಿ ಎಲ್ಲೂ ಮುರುಕಿಲ್ಲದ ಬಾಗನ್ನು ತಾನೇ ಹುಡುಕಿಕೊಳ್ಳುತ್ತೆ. ಖಾಲಿ ಜಾಗದಲ್ಲಿ ಪಟ್ಟಿಯ ಒಳಮೈ ಎಲ್ಲಿದೆಯೋ ಅಲ್ಲಿ ಮುಂದಿನ ಪಕ್ಕೆಯ ಹೊರಮೈ ಬರಬೇಕು. ತೆಳು ಹಲಗೆಯ ಅಚ್ಚು ಮಾಡಿ ಅದನ್ನು ಎತ್ತಿಕೊಂಡು, ಅದಕ್ಕೆ ಹೊಂದುವ ಡೊಂಕುಮರ ಹುಡುಕುತ್ತಾರೆ.

ಪಟ್ಟಿಯಲ್ಲಿ ಒಂದು ಗಂಟಿದ್ದರೂ ಕೆಲಸ ಕೆಟ್ಟಿತು. ಗಂಟಿರುವ ಜಾಗ ಬಗ್ಗುವುದಿಲ್ಲ, ಅದರ ಅಕ್ಕಪಕ್ಕ ಹೆಚ್ಚು ಬಗ್ಗುತ್ತೆ. ಆ ಸುಳ್ಳು ಬಾಗನ್ನು ನಂಬಿ ಪಕ್ಕೆ ಕಡಿದರೆ ದೋಣಿಯ ಮೈಯಲ್ಲಿ ಜನ್ಮಪೂರ್ತಿ ಒಂದು ಉಬ್ಬು ಉಳಿಯುತ್ತೆ. ಪಟ್ಟಿ ನೋಡಲೂ ಹೊತ್ತಿದೆ: ನೆತ್ತಿಯ ಬಿಸಿಲಿನಲ್ಲಿ ತಗ್ಗು ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಬೆಳಕು ಅಡ್ಡಕ್ಕೆ ಬೀಳುವಾಗ, ಮೂತಿಯ ಕಡೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ಪಟ್ಟಿಯ ಗುಂಟ ನೋಡಬೇಕು. ಕಣ್ಣಿನ ಕೆಲಸ ಇಷ್ಟೇ. ಅಂದಾಜು ಮಾಡುವುದಲ್ಲ, ತಪ್ಪು ಹಿಡಿಯುವುದು.

ಇನ್ನೊಂದು ಮಾತು. ಮೂತಿಯ ಕಡೆಗೂ ಹಿಂಬದಿಗೂ ಹೋದಂತೆ ಹಲಗೆ ಓರೆಯಾಗಿ ಓಡುತ್ತೆ, ಹಾಗಾಗಿ ಪಕ್ಕೆಯ ಹೊರಮೈಯನ್ನೂ ಅಷ್ಟೇ ಓರೆಗೆ ಬಾಚಿಯಿಂದ ಕೆತ್ತಬೇಕು. ಓರೆ ತಪ್ಪಿದರೆ ಹಲಗೆ ಪಕ್ಕೆಯ ಒಂದು ಅಂಚಿನ ಮೇಲೆ ಮಾತ್ರ ಕೂರುತ್ತೆ. ಮೊಳೆ ಹಿಡಿದ ಹಾಗೆ ಕಾಣುತ್ತೆ, ಆದರೆ ಅಲೆಯಲ್ಲಿ ನಾಲ್ಕು ದಿನ ಕುಲುಕಿದ ಮೇಲೆ ಸಡಿಲವಾಗಿ ಸಂದು ಸೋರುತ್ತೆ.

ಚೇಗುಮರ:

ಮರದ ವಿಚಾರ ನಾನು ಹೇಳ್ತೀನಿ. ಒಂದು ದೋಣಿಗೆ ಒಂದೇ ಮರ ಅಲ್ಲ.

ಕೀಲ್ ಮತ್ತು ಕಂಬಗಳಿಗೆ ಗಯಾನಾದಿಂದ ಬರುವ ಗ್ರೀನ್‌ಹಾರ್ಟ್. ಒಂದು ಘನ ಮೀಟರಿಗೆ ಸುಮಾರು 1000 ಕಿಲೋ ತೂಕ, ನೀರಿಗೆ ಹಾಕಿದರೆ ಮುಳುಗುವಂಥ ಮರ. ಹಡಗು ಕೊರೆಯುವ ಹುಳ ಇದನ್ನು ಸುಲಭಕ್ಕೆ ಮುಟ್ಟೋದಿಲ್ಲ. ಕೆಲಸಕ್ಕೆ ಮಾತ್ರ ಬಲು ಕಷ್ಟ. ತೂತು ಕೊರೆಯದೆ ಮೊಳೆ ಹೊಡೆದರೆ ಮೊಳೆ ಬಾಗುತ್ತೆ, ಇಲ್ಲವೇ ಮರ ಸೀಳುತ್ತೆ. ದಿಮ್ಮಿ ಕೊಯ್ಯುವಾಗ ಒಳಗಿನ ಬಿಗುವಿಗೆ ತಟ್ಟನೆ ಸಿಡಿದು ಬಿಚ್ಚಿಕೊಳ್ಳೋದೂ ಉಂಟು, ಅದಕ್ಕೇ ತುದಿಗೆ ಸರಪಳಿ ಸುತ್ತಿ ಕೊಯ್ಯೋದು. ಇದರ ಸಿಬಿರು ಚುಚ್ಚಿಕೊಂಡರೆ ಕೂಡಲೇ ತೆಗೀಬೇಕು, ಬಿಟ್ಟರೆ ಕೀವಾಗುತ್ತೆ.

ಹೊರಹಲಗೆಗೆ ಅದೇ ಗಯಾನಾದ ಸಿಲ್ವರ್‌ಬಲ್ಲಿ. ಗ್ರೀನ್‌ಹಾರ್ಟಿಗಿಂತ ಹಗುರ, ಬಾಗಿಸಿದರೆ ಬಾಗುತ್ತೆ. ಹಿಂದಿನ ಕಾಲದಲ್ಲಿ ಪಿಚ್ ಪೈನ್ ಹಲಗೆಗಳೂ ನಡೀತಿದ್ದವು.

ಪಕ್ಕೆಗಳಿಗೆ ದ್ವೀಪದ್ದೇ ಮರ, ವೈಟ್ ಸೀಡರ್. ಹೆಸರಿಗೆ ಸೀಡರ್ ಅಷ್ಟೇ, ಆ ಜಾತಿಯದಲ್ಲ. ತಿಳಿಗುಲಾಬಿ ಬಣ್ಣದ ತುತ್ತೂರಿಯಂಥ ಹೂ ಬಿಡುವ ತಬೆಬೂಯಾ ಕುಲದ್ದು. ಕಡಲ ಗಾಳಿ ಸದಾ ಒಂದೇ ಕಡೆಯಿಂದ ಬೀಸೋದರಿಂದ ಗುಡ್ಡದ ಮೇಲಿನ ಗಿಡಗಳು ಡೊಂಕುಡೊಂಕಾಗಿ ಬೆಳೀತವೆ. ಬೇರೆ ಬಡಗಿ ಸೌದೆಗೆ ಬಿಡುವ ಆ ಡೊಂಕೇ ಇಲ್ಲಿ ಬಂಗಾರ. ನೆಟ್ಟಗಿನ ಹಲಗೆಯಿಂದ ಬಾಗಿದ ಪಕ್ಕೆ ಕೊಯ್ದರೆ ತಿರುವಿನ ಜಾಗದಲ್ಲಿ ಮರದ ಎಳೆ ಅಡ್ಡಕ್ಕೆ ಕತ್ತರಿಸಿ ಹೋಗಿರುತ್ತೆ. ಅಲೆಯ ಪೆಟ್ಟು ಹೆಚ್ಚು ಬೀಳುವುದೂ ಅಲ್ಲೇ, ಮುರಿಯುವುದೂ ಅಲ್ಲೇ. ಹುಟ್ಟುಡೊಂಕಿನಲ್ಲಿ ಎಳೆ ಬಾಗಿನ ಗುಂಟ ಓಡುತ್ತೆ. ಹಾಗಾಗಿ ಅಚ್ಚು ಹೆಗಲ ಮೇಲೆ ಹಾಕ್ಕೊಂಡು ಗುಡ್ಡ ಹತ್ತಿ, ಕೊಂಬೆಗೆ ಅಚ್ಚು ಹಿಡಿದು ನೋಡಿಯೇ ಕೊಡಲಿ ಹಾಕೋದು. ಪೂರಾ ಪಕ್ಕೆಗೆ ಸಾಲುವ ಡೊಂಕು ಸಿಗೋದು ಅಪರೂಪ. ಎರಡು ಮೂರು ತುಂಡುಗಳನ್ನು ಪಕ್ಕಪಕ್ಕ ಮೈತಾಗಿಸಿ ಬಿಗೀತಾರೆ. ಅಕ್ಕಪಕ್ಕದ ಪಕ್ಕೆಗಳಲ್ಲಿ ಈ ಜೋಡಣೆ ಒಂದೇ ಎತ್ತರಕ್ಕೆ ಬರಬಾರದು, ಬಂದರೆ ಇಡೀ ಬದಿ ಆ ಸಾಲಿನಲ್ಲೇ ಸೋಲುತ್ತೆ.

ಮರ ಕಡಿಯೋದು ಕೃಷ್ಣಪಕ್ಷದಲ್ಲಿ ಅನ್ನೋದು ಅಲ್ಲಿನವರು ಬಿಡದೆ ಪಾಲಿಸುವ ರೂಢಿ. ರಸ ಇಳಿದಿರುವಾಗ ಕಡಿದ ಮರಕ್ಕೆ ಹುಳ ಹಿಡಿಯೋದಿಲ್ಲ ಅನ್ನೋದು ಅವರ ಮಾತು. ಚಂದ್ರನ ವಿಚಾರ ಏನೇ ಇರಲಿ, ಪಕ್ಕೆಯ ಹೊರಗಿನ ಬಿಳಿಮರವನ್ನು ಕೆತ್ತಿ ಚೇಗು, ಅಂದರೆ ಒಳಗಿನ ಗಟ್ಟಿಮರ ಮಾತ್ರ ಉಳಿಸಿಕೊಳ್ಳೋದು ಬಹಳ ಮುಖ್ಯ. ಹುಳಕ್ಕೆ ಬೇಕಾದ ಪಿಷ್ಟ ಇರೋದು ಆ ಬಿಳಿಮರದಲ್ಲೇ.

2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗಂಟೆಗೆ ಸುಮಾರು 240 ಕಿ.ಮೀ. ವೇಗದ ಗಾಳಿಯೊಂದಿಗೆ ಈ ದ್ವೀಪದ ಮೇಲೆಯೇ ಹಾದುಹೋಯಿತು. ಹೆಚ್ಚುಕಡಿಮೆ ಎಲ್ಲ ಕಟ್ಟಡಗಳಿಗೂ ಪೆಟ್ಟು ಬಿತ್ತು, ಗುಡ್ಡದ ಮರಗಳೂ ಟಿರೆಲ್ ಬೇಯ ಕಾಂಡ್ಲಾ ಕಾಡೂ ಬೋಳಾದವು. ಮನೆ ಮತ್ತೆ ಕಟ್ಟಬಹುದು. ಪಕ್ಕೆಗೆ ಆಗುವಷ್ಟು ದಪ್ಪದ ಡೊಂಕುಕೊಂಬೆ ಬೆಳೆಯೋಕೆ ದಶಕಗಳೇ ಬೇಕು. ಈ ಕಸುಬಿನ ಬಗ್ಗೆ ಕಾಳಜಿ ಇರೋರು ಮೊದಲು ನೋಡಬೇಕಾದ್ದು ಗಿಡ ನೆಡುವ ಕೆಲಸವನ್ನು.

ಕಡಲಕುತೂಹಲಿ:

ಇಬ್ಬರಿಗೂ ಧನ್ಯವಾದ. ದಾರ ಎಳೆದು ನೋಡುವ ವಿಷಯ ಎಲ್ಲೂ ಓದಿರಲಿಲ್ಲ. ಇನ್ನೆರಡು ಸಂದೇಹ. ಇಂಥ ದೋಣಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಸಿಲಲ್ಲೇ ನಿಂತಿರುತ್ತೆ. ಹಲಗೆಗಳು ಒಣಗಿ ಬಿರುಕು ಬಿಟ್ಟಿರುತ್ತವೆ, ನೀರಿಗಿಳಿಸಿದ ಕೂಡಲೇ ಸೋರುವುದಿಲ್ಲವೇ? ಮತ್ತೆ, ಇಳಿಸುವ ದಿನ ಆನಿಕೆ ಕಂಬಗಳನ್ನು ಕೊಡಲಿಯಿಂದ ಕಡಿಯುತ್ತಾರಂತೆ. ಅಷ್ಟು ಭಾರದ ದೋಣಿ ಧಡ್ಡನೆ ಬೀಳುವುದಿಲ್ಲವೇ?

ಸಂದುನೂಲು:

ಸೋರುತ್ತೆ. ಸೋರಲೇಬೇಕು. ಮೊದಲ ದಿನ ಒಂದು ಹನಿಯೂ ಬರದ ಹೊಸ ಮರದ ದೋಣಿಯನ್ನು ಕಂಡರೆ ಸಂದುಗಳನ್ನು ಅತಿಯಾಗಿ ಬಿಗಿದಿದ್ದಾರೋ ಏನೋ ಅಂತ ಅನುಮಾನ ಪಡಬೇಕು.

ಪಕ್ಕಪಕ್ಕದ ಎರಡು ಹಲಗೆಗಳು ಒಳಮೈ ಕಡೆ ಒಂದಕ್ಕೊಂದು ತಾಗಿರಬೇಕು, ಹೊರಮೈ ಕಡೆ ಸಣ್ಣಗೆ ಬಾಯಿ ತೆರೆದಿರಬೇಕು. ಹಲಗೆಯ ದಪ್ಪದ ಪ್ರತಿ ಅಂಗುಲಕ್ಕೆ ಅಂಗುಲದ ಹದಿನಾರನೇ ಒಂದು ಭಾಗದಷ್ಟು ತೆರವು ಸಾಕು. ಆ ಸಂದಿಗೆ ಹತ್ತಿಯ ನೂಲನ್ನು ಮೊಂಡು ಉಳಿಯಿಂದ, ಕೊಡತಿಯಲ್ಲಿ ತಟ್ಟಿ ತಟ್ಟಿ ಇಳಿಸಬೇಕು. ನೂಲನ್ನು ನೆಟ್ಟಗೆ ಹಾಸಿದರೆ ಸಾಲದು. ಪುಟ್ಟಪುಟ್ಟ ಕುಣಿಕೆ ಮಾಡುತ್ತಾ ತುರುಕಬೇಕು. ಸಂದು ಅಗಲವಾದ ಕಡೆ ಕುಣಿಕೆ ಹತ್ತಿರ ಹತ್ತಿರ, ಕಿರಿದಾದ ಕಡೆ ದೂರ ದೂರ. ಹತ್ತಿ ಕೂತ ಮೇಲೆ ಹೊರಗೆ ಕಾಲಂಗುಲದಷ್ಟು ತೋಡು ಉಳಿದಿರಬೇಕು, ಸಂದು ಮುಚ್ಚುವ ಪುಟ್ಟಿಗೆ ಜಾಗ ಅದೇ. ಪುಟ್ಟಿಗೆ ಮುಂಚೆ ಹತ್ತಿಗೆ ಬಣ್ಣ ಕುಡಿಸದಿದ್ದರೆ ಪುಟ್ಟಿಯ ಎಣ್ಣೆಯನ್ನು ಹತ್ತಿ ಹೀರಿಕೊಂಡು ಪುಟ್ಟಿ ಪುಡಿಪುಡಿಯಾಗಿ ಉದುರುತ್ತೆ.

ತಪ್ಪು ಎರಡು ಬಗೆ. ಸಡಿಲ ಬಿಟ್ಟರೆ ಸೋರುವುದು ಎಲ್ಲರಿಗೂ ಗೊತ್ತು. ಬಿಗಿ ಹೆಚ್ಚಾದರೆ ಆಗುವ ಹಾನಿ ಅದಕ್ಕಿಂತ ದೊಡ್ಡದು. ಒಣಗಿ ಕುಗ್ಗಿದ ಹಲಗೆಗಳ ನಡುವೆ ಸಿಕ್ಕಾಪಟ್ಟೆ ಹತ್ತಿ ತುರುಕಿದರೆ, ನೀರು ಕುಡಿದು ಹಲಗೆ ಉಬ್ಬಿದಾಗ ಅದಕ್ಕೆ ಹೋಗಲು ಜಾಗವಿಲ್ಲ. ಮೊಳೆಗಳನ್ನು ಎಳೆದುಕೊಂಡು ಪಕ್ಕೆಯಿಂದ ಎದ್ದೇಳುತ್ತೆ. ಆದ್ದರಿಂದ ಇಳಿಸಿದ ಮೊದಲ ಒಂದೆರಡು ದಿನ ಒಳಗೆ ನೀರು ಬರುತ್ತೆ, ಹೊರಗೆ ಚೆಲ್ಲುತ್ತಿರಬೇಕು. ಹಲಗೆ ಉಬ್ಬಿ ತಾವೇ ಬಾಯಿ ಮುಚ್ಚಿಕೊಳ್ಳುತ್ತವೆ. ಮೂರನೇ ದಿನವೂ ಒಂದೇ ಜಾಗದಿಂದ ಧಾರೆ ಬರುತ್ತಿದ್ದರೆ ಅದು ಸಂದಿನದಲ್ಲ, ಮೊಳೆತೂತು ಅಥವಾ ಕೀಲಿಗೆ ತಾಗುವ ಹಲಗೆಯ ತಪ್ಪು. ಆ ಕೀಲಿನ ಪಕ್ಕದ ಹಲಗೆಯೇ ದೋಣಿಯಲ್ಲೆಲ್ಲ ಕಷ್ಟದ್ದು. ನಡುವೆ ಹೆಚ್ಚುಕಡಿಮೆ ಮಲಗಿರುವ ಹಲಗೆ ತುದಿಗೆ ಹೋಗುವಾಗ ನೆಟ್ಟಗೆ ಎದ್ದು ನಿಲ್ಲುವಷ್ಟು ತಿರುಚಿಕೊಳ್ಳಬೇಕು. ಒಂದೇ ಏಟಿಗೆ ಎಳೆಯದೆ, ಬಿಗಿಹಿಡಿಗಳನ್ನು ಸ್ವಲ್ಪಸ್ವಲ್ಪವೇ ತಿರುವುತ್ತಾ, ಬೆಣೆ ಹಾಕುತ್ತಾ ಕೂರಿಸಬೇಕು.

ಹಾಯಿಹಗ್ಗ:

ಎರಡನೇ ಪ್ರಶ್ನೆಗೆ: ಧಡ್ಡನೆ ಬೀಳಬಾರದು ಅಂತಲೇ ಕಡಿಯುವ ಕ್ರಮ ಇರುವುದು. ದೋಣಿ ಎರಡೂ ಬದಿಯ ಆನಿಕೆ ಕಂಬಗಳ ಮೇಲೆ ನಿಂತಿರುತ್ತೆ. ಯಾವ ಬದಿಗೆ ಮಲಗಿಸಬೇಕೋ ಆ ಬದಿಯ ಪ್ರತಿ ಕಂಬಕ್ಕೂ ಒಬ್ಬ ಕೊಡಲಿಯವನು. ಯಜಮಾನ ಕೂಗಿದ ಹಾಗೆ ಎಲ್ಲರೂ ಒಟ್ಟಿಗೆ ಕಂಬದ ಬುಡದಿಂದ ಕೆಲವೇ ಅಂಗುಲ ಕಡಿಯುತ್ತಾರೆ, ದೋಣಿ ಅಷ್ಟೇ ವಾಲುತ್ತೆ, ನಿಲ್ಲುತ್ತೆ. ಮತ್ತೆ ಕೂಗು, ಮತ್ತೆ ಕೆಲವು ಅಂಗುಲ. ಹೀಗೆ ಇಳಿಸಿ ಇಳಿಸಿ ಹೊಟ್ಟೆಯ ತಿರುವಿನ ಮೇಲೆ ಮೆಲ್ಲಗೆ ಮಲಗಿಸುವುದು. ಮುಂದಿನವನು ಅವಸರ ಮಾಡಿ ಹಿಂದಿನವನು ತಡ ಮಾಡಿದರೆ ಇಡೀ ಭಾರ ಒಂದೇ ಕಂಬಕ್ಕೆ ಬಂದು ಅದು ಸಿಡಿಯುತ್ತೆ, ಇಲ್ಲವೇ ದೋಣಿ ತಿರುಚಿಕೊಂಡು ಸಂದುಗಳೆಲ್ಲ ಬಿಚ್ಚುತ್ತವೆ. ಸಂದುನೂಲು ಅವರು ಹೇಳಿದ ಅಷ್ಟೂ ಕೆಲಸ ನೀರು ಮುಟ್ಟುವ ಮೊದಲೇ ಹಾಳು.

ಮಲಗಿದ ಮೇಲೆ ಕೆಳಗೆ ಉರುಳುದಿಮ್ಮಿಗಳು. ನೀರಿನಲ್ಲಿ ದೂರಕ್ಕೆ ಲಂಗರು ಬಿಟ್ಟು, ಅದಕ್ಕೆ ಕಪ್ಪಿ ಕಟ್ಟಿ, ಹಗ್ಗದ ತುದಿಯನ್ನು ದಂಡೆಗೆ ತಂದು ಊರಿಗೆ ಊರೇ ಎಳೆಯುತ್ತೆ. ಹಾಡು ಹೇಳುವುದು ಬರೀ ಸಂಭ್ರಮಕ್ಕಲ್ಲ. ನೂರು ಜನ ಬೇರೆಬೇರೆ ಹೊತ್ತಿಗೆ ಎಳೆದರೆ ದೋಣಿ ಅಲುಗುವುದಿಲ್ಲ, ಹಾಡಿನ ಏಟಿಗೆ ಒಟ್ಟಿಗೆ ಎಳೆದರೆ ಅಲುಗುತ್ತೆ. ಹಾಯಿಕಂಬ, ಒಳಗಿನ ಭಾರ ಎಲ್ಲ ಆಮೇಲೆ.

ಇಳಿಸುವ ದಿನದ ಆಚರಣೆಯನ್ನು ಕೆಲಸದಿಂದ ಬೇರೆ ಮಾಡಿ ನೋಡಬಾರದು. ಪಾದ್ರಿ ಬಂದು ಪವಿತ್ರ ಜಲ ಚಿಮುಕಿಸುತ್ತಾರೆ. ಕುರಿ, ಮೇಕೆ, ಹುಂಜಗಳನ್ನು ಬಲಿ ಕೊಟ್ಟು ಡೆಕ್ಕಿನ ಮೇಲೆ ರಕ್ತ, ನೆಲಕ್ಕೆ ಜ್ಯಾಕ್ ಐರನ್ ಅನ್ನುವ ಖಡಕ್ ರಮ್ ಸುರಿಯುತ್ತಾರೆ. ದೋಣಿಗೆ ಮಗುವಿನಂತೆ ಧರ್ಮಪಿತ, ಧರ್ಮಮಾತೆ ಇರುತ್ತಾರೆ. ಮುಚ್ಚಿಟ್ಟ ಹೆಸರನ್ನು ಆ ದಿನವೇ ಬಿಚ್ಚುವುದು. ಬಿಗ್ ಡ್ರಮ್ ನಗಾರಿ ಬಾರಿಸುತ್ತಾ ಆಫ್ರಿಕಾದಿಂದ ಬಂದ ಪೂರ್ವಿಕರನ್ನು ನೆನೆಯುತ್ತಾರೆ.

ಇದರಿಂದಲೇ ಇನ್ನೊಂದು ಮಾತು ಹೇಳಬೇಕು. "ಸ್ಕಾಟ್ಲೆಂಡಿನವರು ತಂದ ವಿದ್ಯೆ" ಅಂತ ಬರೆದು ಮುಗಿಸುವುದು ಅರ್ಧ ಸತ್ಯ. 19ನೇ ಶತಮಾನದಲ್ಲಿ ವಿಂಡ್‌ವರ್ಡ್‌ನಲ್ಲಿ ಸ್ಕಾಟಿಷ್ ಬಡಗಿಗಳು ನೆಲೆಸಿದ್ದು ನಿಜ, ಮೆಕ್‌ಲಾರೆನ್ ಅಂಥ ಮನೆತನದ ಹೆಸರುಗಳು ಈಗಲೂ ಇವೆ. ಆದರೆ ಗುಡ್ಡದ ಮರ ಬಲ್ಲವರು, ಕಡಿದು ಕೆತ್ತಿದವರು, 1838ರಲ್ಲಿ ಗುಲಾಮಗಿರಿ ಪೂರ್ತಿ ಕೊನೆಯಾದ ಮೇಲೆ ಈ ದೋಣಿಗಳಲ್ಲಿ ಟ್ರಿನಿಡಾಡ್‌ವರೆಗೆ ದುಡಿಯಲು ಹೋಗಿಬಂದವರು ಆಫ್ರಿಕನ್ ಮೂಲದ ದ್ವೀಪವಾಸಿಗಳೇ. ಎರಡೂ ಕೈ ಸೇರಿದ ಕಸುಬಿದು.

ಉತ್ತರಕ್ಕಿರುವ ಬೆಕ್ವೆ ದ್ವೀಪದ ತಿಮಿಂಗಿಲ ದೋಣಿಯ ಚಿತ್ರಗಳನ್ನು ಕ್ಯಾರಿಯಕೂ ದೋಣಿ ಅಂತ ಹಾಕಿರುವುದೂ ಕಾಣುತ್ತೆ. ಅದು ಬೇರೆ ಜಾತಿ. ಸುಮಾರು 27 ಅಡಿ, ಎರಡು ತುದಿಯೂ ಚೂಪು, ಡೆಕ್ ಇಲ್ಲ. 1870ರ ದಶಕದಲ್ಲಿ ವಿಲಿಯಂ ವಾಲೇಸ್ ಅಮೆರಿಕದ ತಿಮಿಂಗಿಲ ಹಡಗುಗಳಿಂದ ಕಲಿತು ತಂದ ಮಾದರಿ.

ಇಳಿತದನೀರು:

ಹೊಟ್ಟೆಯ ಅಗಲದ ಪ್ರಶ್ನೆ ಹಾಗೇ ಉಳಿದಿದೆ. ಅದಕ್ಕೆ ಉತ್ತರ ಆ ಕಡಲಿನಲ್ಲಿದೆ.

ಈ ದೋಣಿಗಳು ಹುಟ್ಟಿದ್ದು ಸರಕಿಗೆ. ದನ, ಕುರಿ, ನಿಂಬೆ, ಜನ, ಒಮ್ಮೊಮ್ಮೆ ಸುಂಕ ತಪ್ಪಿಸಿದ ಮದ್ಯ. ಸರಕಿನ ದೋಣಿಯಲ್ಲಿ ಕೀಲಿನ ಕೆಳಗೆ ಸೀಸ ಕಟ್ಟುವುದಿಲ್ಲ. ಭಾರವೆಲ್ಲ ಒಳಗೆ, ಕಲ್ಲು ಅಥವಾ ಕಬ್ಬಿಣದ ರೂಪದಲ್ಲಿ, ಸರಕು ಹೆಚ್ಚಾದರೆ ತೆಗೆಯುವ ಹಾಗೆ. ಭಾರ ಆಳದಲ್ಲಿ ಇಲ್ಲವಾದ್ದರಿಂದ ದೋಣಿ ನೆಟ್ಟಗೆ ನಿಲ್ಲಬೇಕಾದರೆ ಅಗಲದಿಂದಲೇ ನಿಲ್ಲಬೇಕು. ಅಡಿಯನ್ನು ಕೆರೆದು ಬಣ್ಣ ಬಳಿಯಲು ದಂಡೆಯಲ್ಲಿ ಪಕ್ಕಕ್ಕೆ ಮಲಗಿಸುವಾಗಲೂ ದುಂಡು ಹೊಟ್ಟೆಯೇ ಅನುಕೂಲ. ಇದರ ಇನ್ನೊಂದು ಮುಖ ಮರೆಯಬಾರದು: ಒಂದು ಮಿತಿ ದಾಟಿ ವಾಲಿದರೆ ಇದು ಮೇಲೇಳುವುದಿಲ್ಲ. ನೀರು ತುಂಬಿತೆಂದರೆ ಒಳಗಿನ ಕಲ್ಲು ಕಬ್ಬಿಣದ ಸಮೇತ ಮುಳುಗುತ್ತೆ. ಆದ್ದರಿಂದ ಒಳಭಾರದ ಮೇಲೆ ಹಲಗೆ ಹಾಸಿ ಬಿಗಿದು ಜರುಗದ ಹಾಗೆ ಮಾಡಬೇಕು. ಪಕ್ಕೆಗಳ ಬುಡದಲ್ಲಿ ನೀರು ಹರಿಯಲು ಬಿಟ್ಟ ಕಂಡಿಗಳಿಗೆ ಕಲ್ಲು ಸಿಕ್ಕಿಕೊಂಡರೆ ನೀರು ಪಂಪಿನವರೆಗೆ ಬರುವುದೇ ಇಲ್ಲ.

ಈ ಆಕಾರದ ಪರೀಕ್ಷೆ ನಡೆಯುವುದು ಗ್ರೆನಡಾದ ಮುಖ್ಯ ದ್ವೀಪದಿಂದ ಕ್ಯಾರಿಯಕೂಗೆ ವಾಪಸು ಬರುವಾಗ. ಹೋಗುವಾಗ ಗಾಳಿ ಅನುಕೂಲ. ಬರುವಾಗ ಪೂರ್ವ, ಈಶಾನ್ಯದ ಗಾಳಿ ಮುಖಕ್ಕೆ, ನೀರಿನ ಸೆಳೆತ ಹೆಚ್ಚಾಗಿ ಪಶ್ಚಿಮಕ್ಕೆ. ಬಲ್ಲವರು ಗ್ರೆನಡಾದ ಪಶ್ಚಿಮ ದಡದ ಮರೆಯಲ್ಲೇ ಉತ್ತರದ ತುದಿಯವರೆಗೆ ಬಂದು, ಅಲ್ಲಿಂದ ನೇರವಾಗಿ ಕ್ಯಾರಿಯಕೂ ಕಡೆ ಮೂತಿ ಇಡದೆ ಮೊದಲು ಪೂರ್ವಕ್ಕೆ ಎಷ್ಟಾದರೂ ದೂರ ಗಳಿಸಿಕೊಳ್ಳುತ್ತಾರೆ. ನೇರ ಹೋದರೆ ಸೆಳೆತಕ್ಕೆ ಸಿಕ್ಕಿ ದ್ವೀಪದ ಪಶ್ಚಿಮಕ್ಕೆ ಜಾರಿ, ಅರ್ಧ ದಿನ ಗಾಳಿಗೆ ಎದುರಾಗಿ ಅಡ್ಡಡ್ಡ ಓಡಿಸಬೇಕಾಗುತ್ತೆ. ನಡುವೆ ಕಿಕ್ ಎಮ್ ಜೆನ್ನಿ ಇದೆ, ಗ್ರೆನಡಾದ ಉತ್ತರಕ್ಕೆ ಸುಮಾರು 8 ಕಿ.ಮೀ. ದೂರದಲ್ಲಿ ನೀರಿನಡಿಯ ಜ್ವಾಲಾಮುಖಿ. 1939ರಲ್ಲಿ ಸಿಡಿದಾಗ ಅದು ಇದೆ ಅಂತ ಹೊರಜಗತ್ತಿಗೆ ಗೊತ್ತಾಯಿತು, 2015ರ ಏಪ್ರಿಲ್‌ನಲ್ಲೂ ಸಿಡಿದಿದೆ. ಶಾಂತವಾಗಿರುವಾಗಲೂ ಅದರ ಸುತ್ತ ಒಂದೂವರೆ ಕಿ.ಮೀ. ಒಳಗೆ ಹೋಗುವಂತಿಲ್ಲ, ಚಟುವಟಿಕೆ ಹೆಚ್ಚಿದರೆ 5 ಕಿ.ಮೀ. ಗುಳ್ಳೆ ತುಂಬಿದ ನೀರಿಗೆ ಸಾಂದ್ರತೆ ಕಡಿಮೆ, ದೋಣಿಯನ್ನು ಅದು ಹೊರಲಾರದು.

ಈ ದೋಣಿಗಳು ಓಡುವುದನ್ನು ಒಟ್ಟಿಗೆ ನೋಡಬೇಕಾದರೆ ಆಗಸ್ಟ್ ಮೊದಲ ವಾರದ ಕ್ಯಾರಿಯಕೂ ರೆಗಾಟಾ, ಅಂದರೆ ದೋಣಿ ಪಂದ್ಯ ನೋಡಿ. 1965ರಲ್ಲಿ ಲಿಂಟನ್ ರಿಗ್ ಶುರುಮಾಡಿದ್ದು. ಮೊದಲು ದೋಣಿಗಳ ಮೂತಿಯ ಕಡೆಯಿಂದ ನೋಡಿ, ಆಮೇಲೆ ಹಿಂದಿನಿಂದ. ಒಂದೇ ಹಳ್ಳಿಯ ಎರಡು ದೋಣಿಗಳ ಹೊಟ್ಟೆಯ ತಿರುವು ಒಂದೇ ಥರ ಇರುವುದಿಲ್ಲ. ಬಾಚಿ_ಉಳಿ ಅವರು ಹೇಳಿದ ನಡುಪಕ್ಕೆ ಯಾರದು ಅಂತ ವಿಂಡ್‌ವರ್ಡ್‌ನ ಹಿರಿಯರು ದೂರದಿಂದಲೇ ಗುರುತಿಸುವುದು ಅದರಿಂದ.